ಹೆಸ್ಸೆಲ್‌ನ ಆಳು ಮೈಂಟೆ

ನಮ್ಮ ಊರು ಅಲ್ಡೆಮಾರ್‌ನಲ್ಲಿ ಮೈಂಟೆ ಹೂಕ್ಸ್ಮಾನ ಮನೆ ಯಾವುದು ಎಂದು ಕೇಳಿದರೆ ಈಗಿನವರು ತಬ್ಬಿಬ್ಬಾಗುತ್ತಾರೆ. ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವನು, ಸೊಂಟದ ಆಪರೇಷನ್ ಆದವನು ಎಂದರೆ ಕೈ ತೋರಿಸುತ್ತಾರೆ. ನನ್ನ ವಯಸ್ಸಿನವರಿಗೆ ಮಾತ್ರ ಅವನು ಇವತ್ತಿಗೂ ಹೆಸ್ಸೆಲ್‌ನ ಆಳು. ಹದಿನಾರು ಚಳಿಗಾಲ ಅವನು ಆ ಕೆಲಸ ಮಾಡಿದ. ಅಷ್ಟೂ ಚಳಿಗಾಲ ಅವರಿಬ್ಬರ ಸ್ಕೇಟುಗಳಿಗೆ ಸಾಣೆ ಹಿಡಿದವನು ನಾನು. ನನ್ನ ಹೆಸರು ಫೊಪ್ಪೆ, ಸೇತುವೆ ಪಕ್ಕದ ಸೈಕಲ್ ಅಂಗಡಿಯವನು.

ಆಳು ಎಂಬುದು ನಮ್ಮಲ್ಲಿ ಬೈಗುಳವಲ್ಲ, ಹುದ್ದೆ. ಮಂಜುಗಡ್ಡೆಯ ಮೇಲೆ ಬಹಳ ದೂರ ಓಡುವ ಸ್ಕೇಟಿಂಗ್ ಪಂದ್ಯಗಳಲ್ಲಿ ತಂಡಕ್ಕೊಬ್ಬ ನಾಯಕ, ಮೂರು ನಾಲ್ಕು ಜನ ಆಳುಗಳು. ಆಳು ಮುಂದೆ ಹೋಗಿ ಎದುರುಗಾಳಿ ತಿನ್ನಬೇಕು, ನಾಯಕ ಅವನ ಬೆನ್ನ ಮರೆಯಲ್ಲಿ ಕಾಲಿನ ಕಸುವು ಉಳಿಸಿಕೊಂಡು ಬರಬೇಕು. ಕೊನೆಯ ಸುತ್ತಿನಲ್ಲಿ ಆಳು ಪಕ್ಕಕ್ಕೆ ಸರಿಯುತ್ತಾನೆ, ನಾಯಕ ಗೆಲ್ಲುತ್ತಾನೆ, ಪತ್ರಿಕೆಯಲ್ಲಿ ನಾಯಕನ ಹೆಸರು ಬರುತ್ತದೆ. ಆಳು ಎಷ್ಟನೆಯವನಾಗಿ ಬಂದ ಎಂದು ಅವನ ಹೆಂಡತಿಯೂ ಕೇಳುವುದಿಲ್ಲ. ಮೈಂಟೆಯ ಹೆಂಡತಿ ಹಿಂಕೆ ಮಾತ್ರ ಕೇಳುತ್ತಿದ್ದಳು.

ಮೈಂಟೆ ರೈತನ ಎರಡನೇ ಮಗ. ಅಪ್ಪ ತೀರಿಕೊಂಡಾಗ ಹಸು, ಹೊಲ, ಮನೆ ಎಲ್ಲ ನಮ್ಮ ಕಡೆಯ ವಾಡಿಕೆಯಂತೆ ಅಣ್ಣನ ಕೈಗೆ ಹೋಯಿತು. ಮೈಂಟೆ ಅಲ್ಲಿಯೇ ಹಾಲು ಕರೆಯುವ ಕೆಲಸಕ್ಕೆ ನಿಂತ. ತಾಯಿ ಊರೊಳಗೆ ಇಗರ್ಜಿಯ ಹಿಂದಿನ ಚಿಕ್ಕ ಮನೆಗೆ ಬಂದಳು. ಅವನು ಅವಳನ್ನು ನಮ್ಮ ಮಾತಿನಲ್ಲಿ 'ಮೆಮ್', ಅಂದರೆ ಅಮ್ಮ, ಎಂದು ಕರೆಯುತ್ತಿದ್ದ, ಊರೂ ಹಾಗೆಯೇ ಕರೆಯುತ್ತಿತ್ತು. ಗಿಡ್ಡ ಹೆಂಗಸು. ಬಾಯಿ ಮಾತ್ರ ಗಿಡ್ಡದಲ್ಲ. ಪಾದ್ರಿಯ ಉಪದೇಶ ಉದ್ದವಾಯಿತೆಂದು ಇಗರ್ಜಿಯ ಬಾಗಿಲಲ್ಲೇ ಪಾದ್ರಿಗೆ ಹೇಳಿದವಳು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಮೈಂಟೆ ಪ್ರಾಂತದ ಹತ್ತು ಸಾವಿರ ಮೀಟರ್ ಪಂದ್ಯದಲ್ಲಿ ಎರಡನೆಯವನಾದ. ದೊಡ್ಡ ತರಬೇತಿ ಶಿಬಿರಕ್ಕೂ ಕರೆ ಬಂತು. ಆರು ವಾರ ಹೋಗಿ ಬಂದ. ಅಲ್ಲಿಯ ತರಬೇತುದಾರ ಕೊನೆಯ ದಿನ ಇವನ ಹೆಗಲ ಮೇಲೆ ಕೈಯಿಟ್ಟು ಹೇಳಿದನಂತೆ: "ಎತ್ತಿನ ಹಾಗೆ ಎಳೀತೀಯ ಕಣಯ್ಯ. ಆದ್ರೆ ಕೊನೇ ಇನ್ನೂರು ಮೀಟರಿಗೆ ಎತ್ತು ಸಾಲದು, ಕುದುರೆ ಬೇಕು."

ಈ ಮಾತನ್ನು ಮೈಂಟೆ ನನ್ನ ಅಂಗಡಿಯಲ್ಲಿ ನಗುತ್ತಲೇ ಹೇಳಿದ್ದ. ಆದರೆ ಎಷ್ಟು ಸಲ ಹೇಳಿದ್ದ ಎಂಬುದನ್ನು ನೋಡಿದರೆ ನಗುವ ಮಾತಾಗಿರಲಿಲ್ಲ ಅನ್ನಿಸುತ್ತದೆ.

ಕುದುರೆ ಊರಲ್ಲೇ ಇತ್ತು. ಹೆಸ್ಸೆಲ್, ಮೇಷ್ಟರ ಮಗ, ಮೈಂಟೆಗಿಂತ ಎರಡು ವರ್ಷ ಚಿಕ್ಕವನು. ನೋಡಲು ಚೆನ್ನಾಗಿದ್ದ, ಮಾತು ಬಲ್ಲವನು, ಕೊನೆಯ ಇನ್ನೂರು ಮೀಟರಿನಲ್ಲಿ ಅವನನ್ನು ಹಿಡಿಯುವವರು ಸುತ್ತಮುತ್ತ ಯಾರೂ ಇರಲಿಲ್ಲ. ಅದೇ ಸಮಯಕ್ಕೆ ಪಶು ಆಹಾರದ ವ್ಯಾಪಾರಿ ಹೈಡೆಮಾ ಅವರಿಗೆ ತಮ್ಮ ಹೆಸರಿನ ತಂಡ ಕಟ್ಟುವ ಹುಮ್ಮಸ್ಸು ಬಂತು. ನೀಲಿ ಉಡುಪು, ನೀಲಿ ಟೋಪಿ, ಎದೆಯ ಮೇಲೆ ಹಸುವಿನ ಮುಖ. ಎಂಬತ್ತನೇ ಇಸವಿಯ ಚಳಿಗಾಲದಲ್ಲಿ ಹೆಸ್ಸೆಲ್ ನಾಯಕನಾದ, ಮೈಂಟೆ ಆಳಾದ. ಉಳಿದ ಆಳುಗಳು ಬಂದರು, ಹೋದರು. ಮೈಂಟೆ ಉಳಿದ.

ಅವನಂಥ ಆಳು ಸಿಗುವುದು ಅಪರೂಪ. ಬೆನ್ನು ನೆಲಕ್ಕೆ ಸಮನಾಗಿ ಬಾಗಿಸಿ, ಎರಡೂ ಕೈ ಹಿಂದೆ ಕಟ್ಟಿ ಹೊರಟನೆಂದರೆ ನೂರು ಸುತ್ತಾದರೂ ಅದೇ ವೇಗ, ಅದೇ ಹೆಜ್ಜೆ. ಹಿಂದಿರುವವನಿಗೆ ಮನೆಯೊಳಗೆ ಕೂತ ಹಾಗೆ. ಕೃತಕ ಮಂಜುಗಡ್ಡೆಯ ಅಂಕಣದಲ್ಲಿ ನಡೆಯುವ ಶನಿವಾರ ಸಂಜೆಯ ಪಂದ್ಯಗಳಲ್ಲಿ ಹೆಸ್ಸೆಲ್ ವರ್ಷಕ್ಕೆ ಆರೇಳು ಗೆಲ್ಲುತ್ತಿದ್ದ. ಹೂವಿನ ಗುಚ್ಛ ಅವನ ಹೆಂಡತಿಗೆ ಹೋಗುತ್ತಿತ್ತು. ಒಂದು ಸಲ ಅದರಿಂದ ಒಂದೇ ಒಂದು ಟ್ಯುಲಿಪ್ ಕಿತ್ತು ಹೆಸ್ಸೆಲ್ ಮೈಂಟೆಯ ಕೈಗೆ ಕೊಟ್ಟ. ಮೈಂಟೆ ಅದನ್ನು ಮನೆಗೆ ತಂದ. ಹಿಂಕೆ ಅದನ್ನು ನೋಡಿ ಕೇಳಿದಳು:

"ಇದೇನು, ಹಸುವಿಗೆ ಹಾಕಕ್ಕಾ?"

ಹಿಂಕೆ ಬೇಕರಿಯಲ್ಲಿ ಕೆಲಸಕ್ಕಿದ್ದಳು. ಮದುವೆಯಾದ ಹೊಸತರಲ್ಲಿ ಗಂಡನ ಪಂದ್ಯ ನೋಡಲು ಹೋಗುತ್ತಿದ್ದಳು. ನಾಲ್ಕನೇ ವರ್ಷಕ್ಕೆ ಬಿಟ್ಟಳು. "ಬೆಳಿಗ್ಗೆ ಅಣ್ಣನ ಆಳು, ಸಂಜೆ ಹೆಸ್ಸೆಲ್‌ನ ಆಳು. ಅಂಥವನನ್ನ ಕಟ್ಕೊಂಡ ನಾನೇನು, ಆಳಿನ ಆಳಾ?" ಎಂದು ನನ್ನೆದುರೇ ಕೇಳಿದ್ದಳು. ಮೈಂಟೆ ಆಲೂಗಡ್ಡೆ ಸುಲಿಯುತ್ತಿದ್ದ. ಅವಳು ಮತ್ತೂ ಒಂದು ಮಾತು ಸೇರಿಸಿದಳು: "ನಿನ್ನ ಬೆನ್ನನ್ನ ನನಗಿಂತ ಆ ಹೆಸ್ಸೆಲ್ ಚೆನ್ನಾಗಿ ನೋಡಿದಾನೆ ಬಿಡು."

ಇದಕ್ಕೆ ಮೈಂಟೆಯೂ ನಕ್ಕ. ಆ ಕಾಲಕ್ಕೆ ಅವರು ಇಂಥ ಮಾತಿಗೆ ನಗುತ್ತಿದ್ದರು.

ತೊಂಬತ್ತೊಂದರ ಫೆಬ್ರವರಿಯಲ್ಲಿ ಊರ ಕೆರೆ ಕೊನೆಗೂ ಗಟ್ಟಿಯಾಗಿ ಹೆಪ್ಪುಗಟ್ಟಿತು. ನಮ್ಮ ಮಂಜುಗಡ್ಡೆ ಸಂಘದವರು ಎರಡು ದಿನದಲ್ಲಿ ಪಂದ್ಯ ಏರ್ಪಡಿಸಿದರು. ಆರು ಕಿಲೋಮೀಟರಿನ ಸುತ್ತು, ಹತ್ತು ಸುತ್ತು. ನಾಡಿನ ಒಳ್ಳೊಳ್ಳೆಯ ತಂಡಗಳೆಲ್ಲ ಬಂದವು. ಸ್ವಂತ ಊರಿನ ಮಂಜುಗಡ್ಡೆಯ ಮೇಲೆ ಅಂಥ ಪಂದ್ಯ ಜೀವಮಾನಕ್ಕೆ ಒಂದೋ ಎರಡೋ ಬರುತ್ತದೆ.

ಹಿಂದಿನ ದಿನವೇ ಮಾತಾಗಿತ್ತು. ಹೆಸ್ಸೆಲ್ ತಾನಾಗಿಯೇ ಹೇಳಿದ್ದು, ಹೈಡೆಮಾ ಅವರ ಮುಂದೆಯೇ: "ಹನ್ನೊಂದು ವರ್ಷ ನನಗೋಸ್ಕರ ಎಳೆದಿದೀಯ. ನಾಳೆಯದು ನಿನ್ನದು ಮೈಂಟೆ. ಮೆಮ್ ದಡದ ಮೇಲೆ ನಿಂತಿರ್ತಾಳೆ, ನೀನು ಮೊದಲು ಬಾ. ನಾನು ಹಿಂದೆ ಕಾವಲಿಗಿರ್ತೀನಿ."

ಪಂದ್ಯದ ದಿನ ಬೆಳಿಗ್ಗೆ ಇಬ್ಬರೂ ನನ್ನ ಅಂಗಡಿಗೆ ಬಂದರು. ಮೈಂಟೆಯ ಸ್ಕೇಟು ಮೊದಲು ಮಾಡಿಕೊಟ್ಟೆ. ಅವನು ಚಿಕ್ಕ ಮಕ್ಕಳ ಹಾಗೆ ಅವಸರದಲ್ಲಿದ್ದ, ಹೊರಟುಹೋದ. ಹೆಸ್ಸೆಲ್ ಬೆಂಚಿನ ಮೇಲೆ ಕೂತೇ ಇದ್ದ.

"ಫೊಪ್ಪೆ, ಇವತ್ತು ಅಪ್ಪಾನೂ ಬರ್ತಿದಾರೆ ನೋಡಕ್ಕೆ," ಅಂದ. "ಪೇಪರಿನವರು, ಟೀವಿಯವರೂ ಇರ್ತಾರಂತೆ."

"ಒಳ್ಳೇದಾಯ್ತಲ್ಲ," ಅಂದೆ.

"ನನ್ನದು ಸ್ವಲ್ಪ ಜಾಸ್ತಿ ಚೂಪು ಮಾಡು. ಯಾವಾಗ್ಲೂ ಮಾಡೋದಕ್ಕಿಂತ ಒಂಚೂರು ಜಾಸ್ತಿ."

ಕಾವಲಿಗೆ ಹೋಗುವವನಿಗೆ ಅಷ್ಟು ಚೂಪಿನ ಅಲಗು ಯಾಕೆ? ನನಗೆ ಅರ್ಥವಾಯಿತು. ಅರ್ಥವಾಗದವನಂತೆ ತಲೆ ತಗ್ಗಿಸಿ ಸಾಣೆ ಹಿಡಿದುಕೊಟ್ಟೆ. ಇದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಐದು ಸುತ್ತು ಮುಗಿಯುವ ಹೊತ್ತಿಗೆ ನಾಲ್ಕು ಜನ ಮುಂದಾಗಿದ್ದರು, ಅವರಲ್ಲಿ ಮೈಂಟೆಯೂ ಒಬ್ಬ. ಅಂಥ ಕಾಲು ಅವನಿಗೆ ಅದುವರೆಗೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಆರನೇ ಸುತ್ತಿನಲ್ಲಿ, ಜೊಂಡಿನ ಪಕ್ಕದ ಬಿರುಕಿಗೆ ಹೆಸ್ಸೆಲ್‌ನ ಅಲಗು ಸಿಕ್ಕಿಕೊಂಡಿತು. ಅವನು ಹೊಟ್ಟೆಯ ಮೇಲೆ ಇಪ್ಪತ್ತು ಮಾರು ಜಾರಿ ಹೋದ. ಎದ್ದು ನಿಲ್ಲುವಷ್ಟರಲ್ಲಿ ಒಂದು ನಿಮಿಷ ಹಿಂದೆ ಬಿದ್ದಿದ್ದ.

ತಿರುವಿನಲ್ಲಿ ಹೈಡೆಮಾ ಅವರು ನಿಂತಿದ್ದರು, ತುಪ್ಪಳದ ಟೋಪಿ ಹಾಕಿಕೊಂಡು.

"ಮೈಂಟೆ! ನಿಲ್ಲು! ಹೆಸ್ಸೆಲ್ ಬಿದ್ದಿದಾನೆ, ಹೋಗಿ ಕರ್ಕೊಂಡು ಬಾ!"

ದಡದ ಮೇಲಿದ್ದ ನಾವೆಲ್ಲ ಕೇಳಿಸಿಕೊಂಡೆವು. ಹಿಂಕೆ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿದ್ದಳು. "ನಿಲ್ಲಬೇಡ್ವೋ! ಕಿವುಡನಾಗು, ಕಿವುಡನಾಗು!" ಎಂದು ಕೂಗಿದಳು. ಗಾಳಿ ಅವಳ ಕಡೆಗೆ ಬೀಸುತ್ತಿತ್ತು.

ಮೈಂಟೆ ಬೆನ್ನು ನೆಟ್ಟಗೆ ಮಾಡಿದ. ಉಳಿದ ಮೂವರು ಅವನನ್ನು ಬಿಟ್ಟು ಮುಂದೆ ಹೋದರು. ಅವನು ಕೈ ಬೀಸುತ್ತ ನಿಧಾನವಾಗಿ ಜಾರುತ್ತ ಹೆಸ್ಸೆಲ್‌ಗಾಗಿ ಕಾದ. ಹೆಸ್ಸೆಲ್ ಬಂದು ಅವನ ಬೆನ್ನಿಗೆ ಅಂಟಿಕೊಂಡ. ಆಮೇಲೆ ಮೂರು ಸುತ್ತು ಮೈಂಟೆ ಎಳೆದದ್ದನ್ನು ನೋಡಿದವರು ಯಾರೂ ಮರೆತಿಲ್ಲ. ಒಂಬತ್ತನೇ ಸುತ್ತಿನಲ್ಲಿ ಮುಂದಿನವರನ್ನು ಹಿಡಿದ. ಹತ್ತನೆಯದರಲ್ಲಿ, ಒಂದು ಗಳಿಗೆಯೂ ಸುಧಾರಿಸಿಕೊಳ್ಳದೆ, ಅವರನ್ನು ದಾಟಿ ಹೊರಟ. ಬೆನ್ನಿಗೆ ಹೆಸ್ಸೆಲ್ ಒಬ್ಬನೇ. ಕೊನೆಯ ನೇರ ದಾರಿಗೆ ಬಂದಾಗ ಹಿಂದೆ ಮೂವತ್ತು ಮೀಟರ್ ಖಾಲಿ ಮಂಜುಗಡ್ಡೆ. ಮೈಂಟೆ ಗೆದ್ದಾಯಿತು ಎಂದು ಎಲ್ಲರೂ ಟೋಪಿ ತೆಗೆದಿದ್ದರು.

ಇಪ್ಪತ್ತು ಮೀಟರ್ ಇದ್ದಾಗ ಹೆಸ್ಸೆಲ್ ಪಕ್ಕಕ್ಕೆ ಬಂದ. ಅರ್ಧ ಸ್ಕೇಟಿನಷ್ಟು ಮುಂದೆ ಗೆರೆ ದಾಟಿದ. ಎರಡೂ ಕೈ ಮೇಲೆತ್ತಿದ್ದ.

ಮೆಮ್ ನನ್ನ ಪಕ್ಕದಲ್ಲಿಯೇ, ದೋಣಿಗಟ್ಟೆಯ ಮೇಲೆ, ಕಂಬಳಿ ಹೊದ್ದು ನಿಂತಿದ್ದಳು. ಎಪ್ಪತ್ತಾರು ವರ್ಷ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವಳಿಗೆ ಕಂಡದ್ದು ಎರಡು ನೀಲಿ ಟೋಪಿ, ಒಂದು ಮೊದಲು, ಒಂದು ಆಮೇಲೆ. ನನ್ನ ತೋಳು ಹಿಡಿದು ಅಲುಗಿಸಿದಳು.

"ಫೊಪ್ಪೆ, ಮೊದಲು ಬಂದದ್ದು ನಮ್ಮೋನೇ ಅಲ್ವೇನೋ? ಹೇಳೋ!"

ನಾನು ಅವಳ ಮುಖ ನೋಡಿದೆ. "ಹೌದು ಮೆಮ್, ನಮ್ಮೋನೇ," ಅಂದೆ.

ಅಷ್ಟೇ. ಒಂದು ಮಾತು. ಮುದುಕಿ ನನ್ನನ್ನು ತಬ್ಬಿಕೊಂಡು ಅತ್ತಳು.

ಮಂಜುಗಡ್ಡೆಯ ಮೇಲೆ ಹೆಸ್ಸೆಲ್ ಮೈಂಟೆಯ ಹತ್ತಿರ ಬಂದು ಏದುಸಿರಿನಲ್ಲಿ ಹೇಳುತ್ತಿದ್ದ: "ಹಿಂದೆ ಅಲಗಿನ ಸದ್ದು ಕೇಳಿಸ್ತು ಕಣೋ. ಯಾರೋ ಬಂದೇಬಿಟ್ರು ಅಂದ್ಕೊಂಡೆ. ನಾನು ನುಗ್ಗದೇ ಇದ್ರೆ ಇಬ್ಬರಿಗೂ ಹೋಗ್ತಿತ್ತು." ಮೈಂಟೆ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತಿದ್ದ. ತಲೆ ಎತ್ತಲಿಲ್ಲ. ಮಾರನೆಯ ದಿನ ಪತ್ರಿಕೆಯಲ್ಲಿ ಬಂದ ಫೋಟೋ ಈಗಲೂ ಪಬ್ಬಿನ ಗೋಡೆಯ ಮೇಲಿದೆ. ಹೆಸ್ಸೆಲ್‌ನ ಎತ್ತಿದ ಕೈಗಳು, ಅಂಚಿನಲ್ಲಿ ಮೈಂಟೆಯ ಒಂದು ತೋಳು. ಹಿಂದೆ, ಎಷ್ಟು ದೂರ ನೋಡಿದರೂ, ಯಾರೂ ಇಲ್ಲ.

ಪಂದ್ಯ ಮುಗಿಸಿ ಮೈಂಟೆ ತಾಯಿಯ ಮನೆಗೆ ಹೋದಾಗ ಅವಳು ಗುಲಾಬಿ ಸಕ್ಕರೆ ಪಾಕ ಬಳಿದ ಕೇಕು ತರಿಸಿ, ಅಕ್ಕಪಕ್ಕದವರನ್ನೆಲ್ಲ ಕೂರಿಸಿಕೊಂಡಿದ್ದಳು. ಅಕ್ಕಪಕ್ಕದವರಿಗೆ ನಿಜ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. "ಬಾರೋ, ಗೆದ್ದ ಮಗನೇ. ನಿಮ್ಮಪ್ಪ ಇರಬೇಕಿತ್ತು," ಅಂದಳು. ಮೈಂಟೆ ಬಾಗಿಲಲ್ಲಿ ನಿಂತ, ಹಿಂಕೆ ಅವನ ಹಿಂದೆ. ಅವನು ಒಳಗೆ ಹೋಗಿ ಕೇಕು ತಿಂದ.

ಆಮೇಲೆ ಎರಡು ದಿನಕ್ಕೆ ಹೆಸ್ಸೆಲ್ ಮೆಮ್‌ಳ ಮನೆಗೆ ಹೂವು ಹಿಡಿದು ಹೋದ. ಊರ ಮಾತು ಅವನ ಕಿವಿಗೂ ಬಿದ್ದಿತ್ತು. ಮೈಂಟೆ ಅಲ್ಲಿಯೇ ಒಲೆಗೆ ಸೌದೆ ಹಾಕುತ್ತಿದ್ದ. ಹೆಸ್ಸೆಲ್ ಮುದುಕಿಯ ಕೈ ಹಿಡಿದುಕೊಂಡು, "ನಿಮ್ಮ ಮಗ ನನ್ನನ್ನ ಸೋಲಿಸಿಬಿಟ್ಟ ಮೆಮ್. ನ್ಯಾಯವಾಗಿ ಸೋಲಿಸಿದ," ಅಂದ.

ಅವಳು ಕೇಳಬೇಕೇ. "ನಿನಗೂ ಒಂದು ಸಲ ಆಗಬೇಕಿತ್ತು ಬಿಡು ಮಗಾ. ಹನ್ನೊಂದು ವರ್ಷ ನಮ್ಮ ಹುಡುಗನ ಬೆನ್ನ ಹಿಂದೆ ಬೆಚ್ಚಗಿದ್ದೆಯಲ್ಲ. ಈಗ ಗೊತ್ತಾಯ್ತಾ ಚಳಿ?"

ಹೆಸ್ಸೆಲ್ ತಲೆಯಾಡಿಸಿ ನಕ್ಕ. ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಎಂದು ನಾನು ನಂಬುತ್ತೇನೆ. ಕೆಟ್ಟವನಾಗಿದ್ದರೆ ಮೈಂಟೆಗೆ ಸುಲಭವಾಗುತ್ತಿತ್ತು. ಗೆಲುವು ಕಿತ್ತುಕೊಂಡವನೇ ಬಂದು, ಅದನ್ನು ಭಿಕ್ಷೆಯ ಹಾಗೆ ತಾಯಿಯ ಮಡಿಲಿಗೆ ಹಾಕಿ ಹೋದ ಮೇಲೆ ಅವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಮೈಂಟೆ ಒಲೆಯ ಮುಂದೆ ಕೂತಿದ್ದವನು ಎದ್ದು ಹೆಸ್ಸೆಲ್‌ನನ್ನು ಬಾಗಿಲವರೆಗೆ ಬಿಟ್ಟು ಬಂದ. "ಥ್ಯಾಂಕ್ಸ್," ಅಂದನಂತೆ.

ಎರಡು ವರ್ಷದ ಮೇಲೆ ಮೆಮ್ ತೀರಿಕೊಂಡಳು, ಮಗ ಗೆದ್ದಿದ್ದಾನೆ ಎಂದು ನಂಬಿಯೇ.

ಕೆರೆಯ ಪಂದ್ಯವಾದ ಮೇಲೂ ಮೈಂಟೆ ತಂಡ ಬಿಡಲಿಲ್ಲ. ಇನ್ನೂ ಐದು ಚಳಿಗಾಲ ಅದೇ ನೀಲಿ ಟೋಪಿ, ಅದೇ ಬಾಗಿದ ಬೆನ್ನು. "ಯಾಕೋ? ನಿನಗೆ ಮಾನ ಇಲ್ವಾ?" ಎಂದು ಹಿಂಕೆ ಕೇಳಿದ್ದಕ್ಕೆ, "ನನಗೆ ಬೇರೇನು ಬರುತ್ತೆ ಹೇಳು," ಅಂದ. ವಯಸ್ಸು ಮೂವತ್ತೆಂಟಾದ ಮೇಲೆ ಕಾಲು ಮೊದಲಿನ ಹಾಗೆ ಮಾತು ಕೇಳುವುದಿಲ್ಲ. ಎಡ ಸೊಂಟದಲ್ಲಿ ನೋವು ಶುರುವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಅವನ ಎಡ ಸ್ಕೇಟಿನ ಅಲಗು ಒಂದೇ ಕಡೆ ಸವೆಯುತ್ತಿತ್ತು, ಅದು ನನಗೆ ಕಾಣುತ್ತಿತ್ತು.

ತೊಂಬತ್ತಾರರ ಮಾರ್ಚಿನಲ್ಲಿ ಹೈಡೆಮಾ ಅವರು ಅವನನ್ನು ಉಗ್ರಾಣಕ್ಕೆ ಕರೆಸಿದರು. ಹೆಸ್ಸೆಲ್ ಬಂದಿರಲಿಲ್ಲ. ಹಿಂಡಿ ಮೂಟೆಗಳ ನಡುವೆ ನಿಂತೇ ಮಾತಾಯಿತು.

"ಹೆಸ್ಸೆಲ್‌ಗೆ ಹೊಸ ಹುಡುಗ ಬೇಕಂತಪ್ಪ," ಎಂದರು ಹೈಡೆಮಾ. "ನಿನ್ನ ಬೆನ್ನು ಈಚೆಗೆ ಮೇಲಕ್ಕೆ ಏಳ್ತಿದೆಯಂತೆ. ಗಾಳಿ ಅವನ ಮೇಲೆ ಬೀಳುತ್ತಂತೆ."

"ಬೆನ್ನು ಎದ್ದರೆ ಗಾಳಿ ನನಗೇ ಜಾಸ್ತಿ ಹೊಡೆಯೋದು ಸ್ವಾಮಿ," ಅಂದ ಮೈಂಟೆ.

"ಅದೆಲ್ಲ ನನಗೆ ಗೊತ್ತಾಗಲ್ಲ. ಅವನು ಹೇಳಿದ್ದು ಹೇಳಿದೆ. ಬೇಜಾರು ಮಾಡ್ಕೋಬೇಡ."

ಒಂದು ಗೋಡೆ ಗಡಿಯಾರ ಕೊಟ್ಟರು. ಹಸುವಿನ ಮುಖದ ಚಿತ್ರವಿದ್ದ ಗಡಿಯಾರ. ಹಿಂಕೆ ಅದನ್ನು ಕೋಳಿಗೂಡಿನಲ್ಲಿ ನೇತುಹಾಕಿದಳು. "ಕೋಳಿಗಳಿಗಾದ್ರೂ ಹೊತ್ತು ಗೊತ್ತಾಗ್ಲಿ," ಅಂದಳು.

ಅದೇ ಶರತ್ಕಾಲದಲ್ಲಿ ಅವನು ಡೇರಿಯ ಟ್ಯಾಂಕರ್ ಓಡಿಸುವ ಕೆಲಸಕ್ಕೆ ಸೇರಿದ. ಅಣ್ಣನ ಕೊಟ್ಟಿಗೆಗಿಂತ ಅದು ವಾಸಿ ಎಂದು ಹಿಂಕೆಯೂ ಸಮಾಧಾನಪಟ್ಟಳು. ಆಗ ವಿಧಿ ಇನ್ನೊಂದು ಆಟ ಆಡಿತು. ತಂಡ ಬಿಟ್ಟು ಹತ್ತು ತಿಂಗಳಾಗಿತ್ತು, ಅಷ್ಟೇ. ಜನವರಿಯಲ್ಲಿ ಕಾಲುವೆಗಳೆಲ್ಲ ಹೆಪ್ಪುಗಟ್ಟಿ, ಹನ್ನೊಂದು ಪಟ್ಟಣಗಳ ಓಟ ನಡೆಯುತ್ತದೆ ಎಂದು ರೇಡಿಯೋದಲ್ಲಿ ಬಂತು. ಇನ್ನೂರು ಕಿಲೋಮೀಟರ್. ಅದಕ್ಕಿಂತ ದೊಡ್ಡದು ನಮ್ಮ ಜನಕ್ಕೆ ಯಾವುದೂ ಇಲ್ಲ, ಒಲಿಂಪಿಕ್ಸೂ ಅಲ್ಲ. ಎಂಬತ್ತೈದರಲ್ಲಿ, ಎಂಬತ್ತಾರರಲ್ಲಿ ಮೈಂಟೆ ಅದನ್ನು ಓಡಿದ್ದ, ಹೆಸ್ಸೆಲ್‌ನ ಮುಂದೆ. ಎರಡೂ ಸಲ ಅರ್ಧ ದಾರಿಗೇ ಬಸವಳಿದು ಹಿಂದೆ ಬಿದ್ದಿದ್ದ. "ಮುಂದಿನ ಸಲ ನನಗೋಸ್ಕರ ಓಡ್ತೀನಿ," ಎನ್ನುತ್ತಿದ್ದ. ಹನ್ನೊಂದು ವರ್ಷ ಹಾಗೆ ಹೇಳುತ್ತ ಬಂದಿದ್ದ.

"ಹೋಗೋ," ಅಂದೆ ನಾನು. "ಪಂದ್ಯದವರ ಜೊತೆ ಬೇಡ, ಸಾವಿರಾರು ಜನ ಸುಮ್ಮನೆ ಓಡ್ತಾರಲ್ಲ, ಅವರ ಜೊತೆ ಹೋಗು. ಪದಕ ಅಂತೂ ಸಿಗುತ್ತೆ. ಸ್ಕೇಟು ಕೊಡು, ಸಾಣೆ ಹಿಡಿದುಕೊಡ್ತೀನಿ."

"ಆವತ್ತು ಹಸು ಹಾಲು ಕೊಡಲ್ವಾ?" ಅಂದ.

ಆ ಶನಿವಾರ ಬೆಳಿಗ್ಗೆ ಅವನು ಟ್ಯಾಂಕರಿನಲ್ಲಿದ್ದ. ಒಂದು ಸೇತುವೆಯ ಹತ್ತಿರ ಜನ ಜಾತ್ರೆಯಂತೆ ಸೇರಿ ರಸ್ತೆ ಕಟ್ಟಿಬಿಟ್ಟಿದ್ದರು. ಇಳಿದು ಸೇತುವೆಯ ಕಟಕಟೆಗೆ ಒರಗಿ ನಿಂತ. ಕೆಳಗೆ ಕಾಲುವೆಯಲ್ಲಿ ಓಟಗಾರರು ಸಾಲು ಸಾಲಾಗಿ ಬಂದರು. ಹೆಸ್ಸೆಲ್ ಹಿಂದಿನ ಗುಂಪಿನಲ್ಲೆಲ್ಲೋ ಇದ್ದ, ಗಡ್ಡದ ತುಂಬ ಮಂಜು. ಅವನ ಮುಂದೆ ಇಪ್ಪತ್ತೆರಡರ ಹೊಸ ಆಳು. "ಹುಡುಗ ಬೆನ್ನು ತುಂಬಾ ಎತ್ತರ ಇಟ್ಕೊಂಡಿದ್ದ," ಎಂದು ಮೈಂಟೆ ಆಮೇಲೆ ನನಗೆ ಹೇಳಿದ. "ನನಗಿಂತ ಎತ್ತರ." ಅದೊಂದನ್ನೇ ಹೇಳಿದ. ಅವನಿಗೆ ಆಗ ನಲವತ್ತಕ್ಕೆ ಒಂದು ವರ್ಷ ಕಡಿಮೆ. ಆ ಓಟ ಅದಾದ ಮೇಲೆ ಮತ್ತೆ ನಡೆದೇ ಇಲ್ಲ. ನೀರು ಹಾಗೆ ಹೆಪ್ಪುಗಟ್ಟುವುದನ್ನೇ ಮರೆತಿದೆ.

ಟ್ಯಾಂಕರಿನ ವರ್ಷಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮಗಳೊಬ್ಬಳು ದೊಡ್ಡವಳಾಗಿ, ನರ್ಸಾಗಿ, ಬೇರೆ ಊರಿಗೆ ಮದುವೆಯಾಗಿ ಹೋದಳು. ಐವತ್ತೆರಡಕ್ಕೆ ಮೈಂಟೆಯ ಸೊಂಟದ ಕೀಲು ಬದಲಿಸಿದರು. ಇಷ್ಟು ವರ್ಷ ಸವೆದ ಸೊಂಟದಲ್ಲಿ ಹೇಗೆ ನಡೆದಿರಿ ಎಂದು ಡಾಕ್ಟರು ಕೇಳಿದರಂತೆ. ಹೆಸ್ಸೆಲ್ ಅಷ್ಟರಲ್ಲಿ ಪೇಟೆಯಲ್ಲಿ ಕ್ರೀಡಾ ಸಾಮಾನಿನ ಅಂಗಡಿ ಇಟ್ಟಿದ್ದ, ರೇಡಿಯೋದಲ್ಲಿ ಪಂದ್ಯಗಳ ವಿವರಣೆ ಕೊಡುತ್ತಿದ್ದ, ಊರ ಮಂಜುಗಡ್ಡೆ ಸಂಘದ ಅಧ್ಯಕ್ಷನಾಗಿದ್ದ. ರಸ್ತೆಯಲ್ಲಿ ಮೈಂಟೆ ಸಿಕ್ಕರೆ ಕಾರು ನಿಲ್ಲಿಸಿ, ಸೊಂಟ ಹೇಗಿದೆ ಎಂದು ತಪ್ಪದೆ ಕೇಳುತ್ತಿದ್ದ.

ಎರಡು ಸಾವಿರದ ಹದಿನಾಲ್ಕರ ಏಪ್ರಿಲಿನಲ್ಲಿ ಹೆಸ್ಸೆಲ್‌ಗೆ ರಾಜನ ಪದಕ ಬಂತು. ಊರಿನ ಕೆಲವರು ಸೇರಿ, ಅವನಿಗೆ ಗೊತ್ತಾಗದ ಹಾಗೆ, ಅರ್ಜಿ ಹಾಕಿದ್ದರು. ಜೊತೆಗೆ ಬೆಂಬಲದ ಪತ್ರಗಳು ಬೇಕಿದ್ದವು. ನಾನು ಒಂದು ಬರೆದೆ. ಮೈಂಟೆಯೂ ಬರೆದ. ಅದು ಹಿಂಕೆಗೆ ಗೊತ್ತಿರಲಿಲ್ಲ.

ಸಮುದಾಯ ಭವನದಲ್ಲಿ ನೂರೈವತ್ತು ಜನ. ಮೇಯರಮ್ಮ ಕೊರಳಿಗೆ ಹುದ್ದೆಯ ಸರಪಳಿ ಹಾಕಿಕೊಂಡು ಬಂದು ಹೆಸ್ಸೆಲ್‌ನ ಕೋಟಿಗೆ ಪದಕ ಚುಚ್ಚಿದರು. ಕಾಫಿ, ಕೇಕು, ಮುದುಕರಿಗೆ ಬೇರುಗಳ ಕಹಿ ಮದ್ಯ. ಹೆಸ್ಸೆಲ್ ಮಾತಾಡಲು ನಿಂತ. ಚೆನ್ನಾಗಿಯೇ ಮಾತಾಡಿದ. ಕೊನೆಗೆ ಕೆರೆಯ ಪಂದ್ಯಕ್ಕೆ ಬಂದ.

"ಕೊನೇ ಐವತ್ತು ಮೀಟರ್. ಮುಂದೆ ಮೈಂಟೆ, ಹಿಂದೆ ನಾನು. ಅವತ್ತು ಅವನೇ ಗೆಲ್ಲೋದು ಅಂತ ಮಾತಾಗಿತ್ತು. ಆಗ ಮೈಂಟೆ ಹಿಂದೆ ತಿರುಗಿ ನೋಡಿದ. 'ಹೋಗು ಹೆಸ್ಸೆಲ್, ನನ್ನ ಕಾಲಲ್ಲಿ ಇನ್ನೇನೂ ಉಳಿದಿಲ್ಲ, ಹೋಗು' ಅಂದ. ಅಂಥ ಗೆಳೆಯ ಯಾರಿಗೆ ಸಿಗ್ತಾನೆ ಹೇಳಿ?"

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೈ ತಾನಾಗಿಯೇ ತಟ್ಟಿತು.

ಹಿಂಕೆ ಎದ್ದು ನಿಂತಳು. ಜೋರಾಗಿ ಕೂಗಲಿಲ್ಲ. "ಸುಳ್ಳು," ಅಂದಳು.

ಚಪ್ಪಾಳೆ ಅಲ್ಲಲ್ಲಿ ನಿಂತು, ಕೊನೆಗೆ ಪೂರ್ತಿ ನಿಂತಿತು. ಹೆಸ್ಸೆಲ್ ನಗುಮುಖದಲ್ಲೇ, "ಹಿಂಕೆ, ಅದಾಗಿ ಇಪ್ಪತ್ತಮೂರು ವರ್ಷ ಆಯ್ತಲ್ಲೇ," ಅಂದ.

"ಸುಳ್ಳಿಗೆ ವಯಸ್ಸಾದ್ರೆ ಅದು ನಿಜ ಆಗಿಬಿಡುತ್ತಾ? ಫೋಟೋ ಪಬ್ಬಲ್ಲೇ ಇದೆ, ಹೋಗಿ ನೋಡಿ. ತಿರುಗಿ ನೋಡಿದನಂತೆ! ಹದಿನಾರು ವರ್ಷ ತಿರುಗಿ ನೋಡಿಲ್ಲ ಇವನು. ತಿರುಗಿ ನೋಡಿದ್ರೆ ಇವನ ಬಾಳು ಹೀಗಿರ್ತಿತ್ತಾ?"

ಎಲ್ಲರೂ ಮೈಂಟೆಯ ಕಡೆ ನೋಡಿದರು. ಹೆಸ್ಸೆಲ್ ಕೂಡ. ಅವನ ಮುಖದಲ್ಲಿ ಆಗ ನಗು ಇರಲಿಲ್ಲ. ಮೈಂಟೆ ಮೇಜಿನ ಅಂಚು ಹಿಡಿದು ನಿಧಾನವಾಗಿ ಎದ್ದ.

"ಕೂತ್ಕೊ ಹಿಂಕೆ," ಅಂದ. "ಹೆಸ್ಸೆಲ್ ಹೇಳಿದ್ದೇ ಸರಿ. ನಾನೇ ಹೋಗು ಅಂದೆ."

ಹಿಂಕೆ ಅವನನ್ನು ಒಂದು ಕ್ಷಣ ನೋಡಿದಳು, ಗುರುತು ಸಿಗದವರನ್ನು ನೋಡುವ ಹಾಗೆ. ಕುರ್ಚಿಯ ಮೇಲಿದ್ದ ಕೋಟು ತೆಗೆದುಕೊಂಡು ಹೊರಗೆ ನಡೆದಳು. ಮೈಂಟೆ ಉಳಿದ. ಹೆಸ್ಸೆಲ್‌ನ ಕೈ ಕುಲುಕಿದ, ಕೊಟ್ಟ ಕೇಕು ತಿಂದ, ಎಲ್ಲರಿಗಿಂತ ಕೊನೆಗೆ ಮನೆಗೆ ಹೋದ.

ಅವಳು ಮೂರು ತಿಂಗಳು ಮಾತು ಬಿಟ್ಟಳು. ಅಡುಗೆ ಮಾಡಿ ಇಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತಿಲ್ಲ. ಮೈಂಟೆ ದಿನಾ ನನ್ನ ಅಂಗಡಿಗೆ ಬಂದು ಕೂರತೊಡಗಿದ. ಒಂದು ದಿನ ಕೇಳಿಯೇಬಿಟ್ಟೆ.

"ಯಾಕೋ ಹಾಗೆ ಹೇಳಿದೆ?"

ಅವನು ಬಟ್ಟಲು ಕೆಳಗಿಟ್ಟ. "ಅವನು ನನ್ನ ಮೆಮ್‌ಗೋಸ್ಕರ ಒಂದು ಸುಳ್ಳು ಹೇಳಿದ್ದ ಫೊಪ್ಪೆ. ತನ್ನ ಗೆಲುವು ಬಿಟ್ಟುಕೊಟ್ಟು ಹೇಳಿದ. ಅವಳು ಅದನ್ನ ಎದೆಗೆ ಅಪ್ಪಿಕೊಂಡೇ ಹೋದಳು. ನಾನೂ ಅವನಿಗೋಸ್ಕರ ಒಂದು ಹೇಳಿದೆ. ಋಣ ತೀರ್ತು. ಇನ್ನು ಅವನಿಗೂ ನನಗೂ ಏನೂ ಇಲ್ಲ."

"ಹಗುರ ಆಯ್ತಾ ಮನಸ್ಸಿಗೆ?"

"ಇಲ್ಲ ಕಣೋ," ಅಂದ. "ಆಗುತ್ತೆ ಅಂದ್ಕೊಂಡಿದ್ದೆ."

ಆ ಮಾತು ನನ್ನನ್ನು ಬಿಡಲಿಲ್ಲ. ಹೆಸ್ಸೆಲ್ ಹೂವು ಹಿಡಿದು ಹೋದದ್ದು ಎರಡು ದಿನದ ಮೇಲೆ. ಸುಳ್ಳು ಹುಟ್ಟಿದ್ದು ದೋಣಿಗಟ್ಟೆಯ ಮೇಲೆ, ನನ್ನ ಬಾಯಿಂದ. ಮುದುಕಿಯ ಕಣ್ಣು ಮಂಜಾಗಿದ್ದರಿಂದ ತಪ್ಪು ತಿಳಿದಳು ಎಂದೇ ಎಲ್ಲರೂ ನಂಬಿದ್ದರು, ಮೈಂಟೆ, ಹಿಂಕೆ, ಹೆಸ್ಸೆಲ್, ಎಲ್ಲರೂ. ಅವಳು ಕೇಳಿದ್ದಳು, ನಾನು ಹೌದೆಂದಿದ್ದೆ ಎಂಬುದು ಯಾರಿಗೂ ತಿಳಿಯದು.

ಹಿಂಕೆ ಬ್ರೇಕು ಸರಿಮಾಡಿಸಲು ಸೈಕಲ್ ಬಿಟ್ಟುಹೋಗಿದ್ದಳು. ಅದನ್ನು ತಳ್ಳಿಕೊಂಡು ನಾನೇ ಅವರ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ನಿಂತಲ್ಲೇ ಹೇಳಿದೆ. ಅವಳು ಕೈ ನಿಲ್ಲಿಸಿ ಪೂರ್ತಿ ಕೇಳಿದಳು.

"ಮುದುಕಿಯ ಮುಖ ನೋಡಿ ಇಲ್ಲ ಅನ್ನಕ್ಕಾಗ್ಲಿಲ್ಲ ಹಿಂಕೆ."

"ಅವಳ ಬಾಯಿ ಎಂಥದು ಅಂತ ಗೊತ್ತಿತ್ತಲ್ಲ ನಿನಗೆ?"

"ಗೊತ್ತಿತ್ತು."

"ನೀನು ಅವತ್ತು ನಿಜ ಹೇಳಿದ್ದಿದ್ರೆ ಅವಳು ಅಲ್ಲೇ ಅಳ್ತಿದ್ಲು. ಆಮೇಲೆ ಕೋಲೂರ್ಕೊಂಡು ಹೋಗಿ, ಹೆಸ್ಸೆಲ್‌ನ, ಆ ಹೈಡೆಮಾನ, ಇಬ್ಬರನ್ನೂ ಊರ ಮುಂದೆ ಉಗೀತಿದ್ಲು. ಊರು ಕೇಳ್ತಿತ್ತು. ಇವನಿಗೆ ಆಳಾಗಿ ಉಳಿಯಕ್ಕೆ ಮುಖ ಇರ್ತಿರಲಿಲ್ಲ, ಬಿಟ್ಟು ಬರ್ತಿದ್ದ. ತನಗೋಸ್ಕರ ಓಡ್ತಿದ್ದ. ಇವನ ಪರವಾಗಿ ಬಾಯಿ ಬಿಡೋಳು ಅವಳೊಬ್ಬಳೇ ಇದ್ದದ್ದು ಫೊಪ್ಪೆ. ಅವಳ ಬಾಯಿಗೆ ನೀನು ಸಕ್ಕರೆ ತುಂಬಿಬಿಟ್ಟೆ."

"ನೀನೂ ಇದ್ದೆಯಲ್ಲ," ಅಂದೆ. ಅನ್ನಬಾರದಿತ್ತು.

"ನಾನು ಹೆಂಡತಿ. ಹೆಂಡತಿ ಮಾತನ್ನ ಯಾವ ಊರು ಕೇಳುತ್ತೆ? ನೋಡಿದೆಯಲ್ಲ, ಭವನದಲ್ಲಿ."

ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಸೈಕಲ್ ಗೋಡೆಗೆ ಒರಗಿಸಿ ಬಂದೆ.

ಅವರಿಬ್ಬರೂ ಈಗಲೂ ಅದೇ ಮನೆಯಲ್ಲಿದ್ದಾರೆ. ಮಾತು ಮತ್ತೆ ಶುರುವಾಗಿದೆ, ಔಷಧಿ, ಮಾರುಕಟ್ಟೆ, ಮಗಳ ಫೋನು, ಇಂಥವು. ಮೊದಲಿನ ಚುಚ್ಚುಮಾತುಗಳಿಲ್ಲ. ಅದು ಒಳ್ಳೆಯದಲ್ಲ, ನನಗೆ ಗೊತ್ತು. ಹೆಸ್ಸೆಲ್ ಪೇಟೆಯಲ್ಲಿ ದೊಡ್ಡ ಮನೆ ಕಟ್ಟಿಸಿಕೊಂಡು ಹೋದ. ಹೊಸ ವರ್ಷಕ್ಕೆ ಮೈಂಟೆಗೆ ಕಾರ್ಡು ಕಳಿಸುತ್ತಾನೆ.

ಹಿಂಕೆ ಆ ದಿನದಿಂದ ನನ್ನ ಅಂಗಡಿಗೆ ಬಂದಿಲ್ಲ. ಮೊನ್ನೆ ಅವಳ ಹಿಂದಿನ ಟೈರು ಪಂಕ್ಚರ್ ಆಗಿತ್ತು. ನನ್ನ ಕಿಟಕಿಯ ಮುಂದೆಯೇ ಸೈಕಲ್ ತಳ್ಳಿಕೊಂಡು ಏರಿಯ ಮೇಲೆ ಹತ್ತಿದಳು. ಪಕ್ಕದ ಊರಿನ ಅಂಗಡಿ ನಾಲ್ಕು ಕಿಲೋಮೀಟರ್. ಅವಳಿಗೆ ಅರವತ್ತಾರು. ಮೈಂಟೆ ಒಳಗೆ ನನ್ನ ಎದುರಿಗೇ ಕಾಫಿ ಕುಡಿಯುತ್ತ ಕೂತಿದ್ದ, ಅವನೂ ನೋಡಿದ.

"ಕರೀಲಾ?" ಅಂದೆ.

"ಬೇಡ. ಬರಲ್ಲ ಅವಳು," ಅಂದ. ಬಟ್ಟಲು ತೊಳೆದಿಟ್ಟು, ಕೋಲು ತೆಗೆದುಕೊಂಡು, ಇನ್ನೊಂದು ದಾರಿಯಲ್ಲಿ ಮನೆಗೆ ಹೋದ.